ವೈದ್ಯ ಅಧ್ಯಾಪಕರ ಬೆನ್ನಿಗೆ ನಿಲ್ಲುವವರು ಯಾರು?

ವೈದ್ಯಕೀಯ ಶಿಕ್ಷಣದ ಕುರಿತು ನಮ್ಮಲ್ಲಿ ಚರ್ಚೆ ನಡೆಯುವುದು ವರ್ಷಕ್ಕೊಮ್ಮೆ ಮಾತ್ರ. ನೀಟ್ ಫಲಿತಾಂಶ ಬಂದಾಗ ಸೀಟು, ಶುಲ್ಕ, ಮೀಸಲಾತಿ, ಮ್ಯಾನೇಜ್‌ಮೆಂಟ್ ಕೋಟಾ ಮುಂತಾದ ಪದಗಳು ಪತ್ರಿಕೆಗಳ ತುಂಬ ಹರಿದಾಡುತ್ತವೆ. ಪ್ರವೇಶ ಮುಗಿದೊಡನೆ ಚರ್ಚೆಯೂ ಮುಗಿಯುತ್ತದೆ. ಒಳಗೆ ಹೋದ ವಿದ್ಯಾರ್ಥಿಗೆ ಕಲಿಸುವವರು ಯಾರು, ಕಲಿಸುವ ಕೆಲಸವನ್ನು ಅವರಿಗೆ ಹೇಳಿಕೊಟ್ಟವರು ಯಾರು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

2025ರ ಜುಲೈಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಧ್ಯಾಪಕರ ಅರ್ಹತೆಗೆ ಸಂಬಂಧಿಸಿದ ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಅದರ ಪ್ರಕಾರ, 220ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಸರಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ, ಸ್ನಾತಕೋತ್ತರ ಪದವಿಯುಳ್ಳ ತಜ್ಞ ವೈದ್ಯರು ನೇರವಾಗಿ ಸಹ ಪ್ರಾಧ್ಯಾಪಕರಾಗಬಹುದು. ಎರಡು ವರ್ಷ ದುಡಿದವರು ಸೀನಿಯರ್ ರೆಸಿಡೆಂಟ್ ಆಗಿರದಿದ್ದರೂ ಸಹಾಯಕ ಪ್ರಾಧ್ಯಾಪಕರಾಗಬಹುದು. ಇದರ ಹಿಂದಿನ ಅನಿವಾರ್ಯತೆ ಅರ್ಥವಾಗುವಂಥದ್ದೇ. ಕೇಂದ್ರ ಸರಕಾರವೇ ಕೊಟ್ಟ ಲೆಕ್ಕದಂತೆ 2014ಕ್ಕೆ ಮುಂಚೆ ದೇಶದಲ್ಲಿ 387 ವೈದ್ಯಕೀಯ ಕಾಲೇಜುಗಳಿದ್ದವು. 2024ರಲ್ಲಿ ಅವು 731 ಆದವು. ಎಂಬಿಬಿಎಸ್ ಸೀಟುಗಳು 51,348ರಿಂದ 1,12,112ಕ್ಕೆ ಏರಿದವು. ಹತ್ತು ವರ್ಷಗಳಲ್ಲಿ ಕಟ್ಟಡವನ್ನು ದುಪ್ಪಟ್ಟು ಮಾಡಬಹುದು, ಸೀಟನ್ನೂ ದುಪ್ಪಟ್ಟು ಮಾಡಬಹುದು. ಆದರೆ ಇಪ್ಪತ್ತು ವರ್ಷ ಪಾಠ ಹೇಳಿದ ಅನುಭವವುಳ್ಳ ಪ್ರಾಧ್ಯಾಪಕನನ್ನು ಹತ್ತು ವರ್ಷಗಳಲ್ಲಿ ಸೃಷ್ಟಿಸುವುದು ಯಾವ ಸರಕಾರಕ್ಕೂ ಸಾಧ್ಯವಿಲ್ಲ.

ಆದ್ದರಿಂದ ಜಿಲ್ಲಾಸ್ಪತ್ರೆಯ ವೈದ್ಯನನ್ನು ಅಧ್ಯಾಪಕನನ್ನಾಗಿ ಮಾಡುವುದು ತಪ್ಪೆಂದು ನಾವು ಹೇಳಲಾರೆವು. ದಿನಕ್ಕೆ ನೂರಾರು ರೋಗಿಗಳನ್ನು ನೋಡಿದ ವೈದ್ಯನ ಬಳಿ ವಿದ್ಯಾರ್ಥಿ ಕಲಿಯುವುದು ಬೇಕಾದಷ್ಟಿದೆ. ನಮ್ಮ ಆಕ್ಷೇಪ ಬೇರೆ. ಆತ ಹೊಸ ಕೋಟು ತೊಟ್ಟು ತರಗತಿಯ ಬಾಗಿಲಲ್ಲಿ ನಿಂತಾಗ ಆತನ ಬೆನ್ನಿಗೆ ನಿಲ್ಲುವವರು ಯಾರು ಎಂಬುದನ್ನು ಆ ನಿಯಮಾವಳಿಯನ್ನು ಹೊಗಳಿದವರೂ ಹೇಳಲಿಲ್ಲ, ತೆಗಳಿದವರೂ ಕೇಳಲಿಲ್ಲ. ಎರಡು ವರ್ಷಗಳೊಳಗೆ ಸಂಶೋಧನೆಯ ಪ್ರಾಥಮಿಕ ಕೋರ್ಸ್ ಮುಗಿಸಬೇಕೆಂಬ ಷರತ್ತೇನೋ ಇದೆ. ಕೋರ್ಸ್ ಮುಗಿಸುವುದು ಒಂದು, ಕೈ ಹಿಡಿದು ನಡೆಸುವ ಹಿರಿಯರೊಬ್ಬರು ಇರುವುದು ಇನ್ನೊಂದು.

ಎಂ.ಡಿ. ಮುಗಿಸಿ, ರೆಸಿಡೆನ್ಸಿ ಪೂರೈಸಿ, ಜಿಲ್ಲಾ ಕೇಂದ್ರವೊಂದರ ಹೊಸ ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರುವ ಯುವತಿಯೊಬ್ಬಳ ಮೊದಲ ತಿಂಗಳನ್ನು ಊಹಿಸಿಕೊಳ್ಳಿ. ಬೆಳಗ್ಗೆ ಒಪಿಡಿ, ಆಮೇಲೆ ವಾರ್ಡ್, ನಡುವೆ ಉಪನ್ಯಾಸ, ಮಧ್ಯಾಹ್ನ ಕ್ಲಿನಿಕ್, ರಾತ್ರಿ ಕರೆ ಬಂದರೆ ಮತ್ತೆ ಆಸ್ಪತ್ರೆ. ಆಕೆ ಒಳ್ಳೆಯ ವೈದ್ಯೆ. ರೋಗ ಪತ್ತೆ ಹಚ್ಚುವುದು ಆಕೆಗೆ ಗೊತ್ತು. ಆದರೆ ಎಂಟು ವಿದ್ಯಾರ್ಥಿಗಳನ್ನು ಒಬ್ಬ ರೋಗಿಯ ಹಾಸಿಗೆಯ ಸುತ್ತ ನಿಲ್ಲಿಸಿ, ಆ ರೋಗಿಯ ಮಾನಕ್ಕೆ ಕುಂದು ಬಾರದಂತೆ ಪಾಠ ಹೇಳುವುದು ಹೇಗೆಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹೆದರಿ ಮೂಕನಾದ ಹುಡುಗನಿಗೆ ಎಷ್ಟು ಅಂಕ ಕೊಡುವುದು? ನೈತಿಕ ಸಮಿತಿಗೆ ಅರ್ಜಿ ಬರೆಯುವುದು ಹೇಗೆ? ತಪ್ಪು ಔಷಧ ಬರೆದ ಕಿರಿಯನನ್ನು ಎಲ್ಲರೆದುರು ಗದರಿಸಬೇಕೇ, ಪಕ್ಕಕ್ಕೆ ಕರೆದು ಹೇಳಬೇಕೇ? ತನ್ನದೇ ಚಿಕಿತ್ಸೆಯಲ್ಲಿ ರೋಗಿಯೊಬ್ಬ ತೀರಿಕೊಂಡ ರಾತ್ರಿ ಆಕೆ ಯಾರಿಗೆ ಫೋನ್ ಮಾಡಬೇಕು?

ಈ ಪ್ರಶ್ನೆಗಳಿಗೆಲ್ಲ ನಮ್ಮ ಕಾಲೇಜುಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: “ಎಚ್‌ಒಡಿಯವರನ್ನು ಕೇಳಿ.”

ಸಮಸ್ಯೆ ಆರಂಭವಾಗುವುದೇ ಇಲ್ಲಿಂದ ಎಂಬುದು ನಮ್ಮ ಅಭಿಪ್ರಾಯ. ವಿಭಾಗ ಮುಖ್ಯಸ್ಥರೆಂದರೆ ಯಾರು? ರಜೆ ಮಂಜೂರು ಮಾಡುವವರು, ಡ್ಯೂಟಿ ಪಟ್ಟಿ ಹಾಕುವವರು, ಶಸ್ತ್ರಚಿಕಿತ್ಸಾ ವಿಭಾಗವಾದರೆ ಯಾರಿಗೆ ಯಾವ ದಿನ ಥಿಯೇಟರ್ ಎಂದು ನಿರ್ಧರಿಸುವವರು, ಬಡ್ತಿಯ ಕಡತಕ್ಕೆ ಸಹಿ ಹಾಕುವವರು. ಇಷ್ಟೆಲ್ಲ ಅಧಿಕಾರವುಳ್ಳವರ ಮುಂದೆ ಕಿರಿಯ ಅಧ್ಯಾಪಕಿಯೊಬ್ಬಳು ಹೋಗಿ, “ಸರ್, ನನಗೆ ಇದು ಗೊತ್ತಿಲ್ಲ” ಎಂದು ಮನಬಿಚ್ಚಿ ಹೇಳಿಯಾಳೇ? ಹೇಳಿದರೆ ಆ ಮಾತು ಮುಂದೊಂದು ದಿನ ತನ್ನ ವಿರುದ್ಧವೇ ಬಳಕೆಯಾದೀತೆಂಬ ಅಂಜಿಕೆ ಇಲ್ಲದಿದ್ದೀತೇ? ಮುಖ್ಯಸ್ಥರು ಎಷ್ಟೇ ಸಜ್ಜನರಾಗಿರಲಿ, ತೀರ್ಪು ಕೊಡುವವರೂ ಕೈ ಹಿಡಿಯುವವರೂ ಒಬ್ಬರೇ ಆಗಿರುವಲ್ಲಿ ಮನಬಿಚ್ಚಿದ ಮಾತು ಹುಟ್ಟುವುದಿಲ್ಲ. ಹೆಚ್ಚಿನ ಕಾಲೇಜುಗಳಲ್ಲಿ ಆ ಕುರ್ಚಿಗೆ ಬಂದವರು ನಿವೃತ್ತಿಯವರೆಗೆ ಅಲ್ಲೇ ಇರುತ್ತಾರೆ. ಮುಖ್ಯಸ್ಥ ಹುದ್ದೆ ಸರದಿಯಂತೆ ಸಿಗಬೇಕೆಂದು ದಿಲ್ಲಿಯ ಏಮ್ಸ್‌ನ ಅಧ್ಯಾಪಕರ ಸಂಘ ವರ್ಷಗಳಿಂದ ಒತ್ತಾಯಿಸುತ್ತಾ ಬಂದಿದೆ. ದೇಶದ ಅತ್ಯುನ್ನತ ಸಂಸ್ಥೆಯ ಅಧ್ಯಾಪಕರಿಗೇ ಈ ಮಾತನ್ನು ಬೀದಿಗೆ ತರಬೇಕಾಗಿದ್ದರೆ ಜಿಲ್ಲಾ ಕಾಲೇಜುಗಳ ಮಾತೇನು?

ಸಂಶೋಧನಾ ಪ್ರಬಂಧದ ವಿಷಯಕ್ಕೆ ಬಂದರೆ ಈ ಗೊಂದಲ ಇನ್ನೂ ಬೆತ್ತಲಾಗುತ್ತದೆ. 2022ರ ಅರ್ಹತಾ ನಿಯಮಗಳಲ್ಲಿ ಸಹಾಯಕ ಪ್ರಾಧ್ಯಾಪಕರು ಸಹ ಪ್ರಾಧ್ಯಾಪಕರಾಗಲು ನಾಲ್ಕು ವರ್ಷಗಳ ಸೇವೆಯ ಜೊತೆಗೆ ಕನಿಷ್ಠ ಎರಡು ಪ್ರಬಂಧಗಳನ್ನು ಪ್ರಕಟಿಸಿರಬೇಕೆಂದಿತ್ತು. ಪ್ರಬಂಧದ ಮೊದಲ ಮೂವರು ಲೇಖಕರಲ್ಲಿ ಒಬ್ಬರಾಗಿರಬೇಕು, ಇಲ್ಲವೇ ಪತ್ರವ್ಯವಹಾರದ ಹೊಣೆ ಹೊತ್ತ ಲೇಖಕರಾಗಿರಬೇಕು. ಹಾಗಿದ್ದರೆ ಮಾತ್ರ ಅದು ಲೆಕ್ಕಕ್ಕೆ. ನಿಯಮದ ಉದ್ದೇಶ ಒಳ್ಳೆಯದೇ. ಕೆಲಸ ಮಾಡದವರ ಹೆಸರುಗಳನ್ನು ಉದ್ದಕ್ಕೆ ಪೋಣಿಸುವ ಚಾಳಿಗೆ ಕಡಿವಾಣ ಹಾಕುವುದಕ್ಕಾಗಿಯೇ ಇಂಥ ಮಿತಿ. ಆದರೆ ಅದು ನೆಲಕ್ಕಿಳಿದಾಗ ಆಗುವುದೇನು? ಮೂರು ಕುರ್ಚಿಗಳಿರುವ ಕೋಣೆಗೆ ಐವರನ್ನು ಬಿಟ್ಟಂತಾಗುತ್ತದೆ. ಒಂದು ಕುರ್ಚಿ ಸ್ನಾತಕೋತ್ತರ ವಿದ್ಯಾರ್ಥಿಯದ್ದು. ಆತನೇ ರಾತ್ರಿ ನಿದ್ದೆಗೆಟ್ಟು ಮಾಹಿತಿ ಕಲೆ ಹಾಕಿದವನು. ಒಂದು ಗೈಡ್‌ನದ್ದು. ಉಳಿದ ಒಂದಕ್ಕೆ ಬಡ್ತಿಯ ಹೊಸ್ತಿಲಲ್ಲಿ ನಿಂತ ಕಿರಿಯ ಅಧ್ಯಾಪಕಿಯೂ, ಏನೂ ಮಾಡದೆ ಹೆಸರು ಮಾತ್ರ ಬಯಸುವ ಹಿರಿಯರೂ ಕಾದಿರುತ್ತಾರೆ. ಹಿರಿಯರ ಹೆಸರನ್ನು ಬಿಡುವ ಧೈರ್ಯ ಯಾರಿಗಿದೆ? ಮಾರ್ಗದರ್ಶನದ ಹೆಸರಿನಲ್ಲಿ ನಡೆಯುವ ಈ ವಸೂಲಿಯನ್ನು ಲಂಚವೆಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಇದರಲ್ಲಿ ಹಣ ಕೈ ಬದಲಾಯಿಸುವುದಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ರೋಗವಲ್ಲ. 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ವಿನೀತ್ ಚೋಪ್ರಾ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಒಂದು ಲೇಖನ ಬರೆದರು. ಚಿಕಿತ್ಸೆಯಲ್ಲಿ ದುರಾಚಾರ ಇರುವಂತೆ ಮಾರ್ಗದರ್ಶನದಲ್ಲೂ ದುರಾಚಾರ ಇದೆ ಎಂದು ಹೇಳಿ ಅವರು ಆರು ಬಗೆಯ ಕೆಟ್ಟ ಮಾರ್ಗದರ್ಶಕರನ್ನು ಗುರುತಿಸಿದರು. ಕಿರಿಯನ ಆಲೋಚನೆಯನ್ನೇ ಹಾರಿಸಿಕೊಂಡು ಹೋಗಿ ತನ್ನದೆನ್ನುವವನು ಒಬ್ಬ. ತನ್ನ ಚಿಲ್ಲರೆ ಕೆಲಸಗಳನ್ನೆಲ್ಲ ಕಿರಿಯನ ತಲೆಗೆ ಕಟ್ಟುವವನು ಇನ್ನೊಬ್ಬ. ಕಿರಿಯನು ಬೇರೆ ಯಾರ ಬಳಿಗೂ ಹೋಗಬಾರದೆಂದು ಬೇಲಿ ಹಾಕುವವನು ಮೂರನೆಯವನು. ಇವರು ಮೂವರೂ ಕಣ್ಣಿಗೆ ಕಾಣುವ ಕೇಡು ಮಾಡುವವರು. ಉಳಿದ ಮೂವರು ಏನನ್ನೂ ಮಾಡದೆ ಕೆಡಿಸುವವರು: ಕಿರಿಯನು ಕೊಟ್ಟ ಕರಡನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಕೊಳೆಯಲು ಬಿಡುವವನು, ಎಲ್ಲರಿಗೂ ಬೇಕಾದವನಾಗಿರಲೆಂದು ಕಿರಿಯನ ಪರವಾಗಿ ಒಂದು ಮಾತನ್ನೂ ಆಡದವನು, ಸಮ್ಮೇಳನಗಳಿಗೆ ಹಾರಾಡುತ್ತಾ ಊರಲ್ಲೇ ಸಿಗದವನು. ಈ ಪಟ್ಟಿಯನ್ನು ಓದುವ ನಮ್ಮ ನಾಡಿನ ಯಾವುದೇ ಕಿರಿಯ ವೈದ್ಯ ಅಧ್ಯಾಪಕರಿಗೆ ಒಂದೆರಡು ಪರಿಚಿತ ಮುಖಗಳು ನೆನಪಾಗದಿರಲಾರವು. ಕೊನೆಯ ಮೂವರ ಬಗ್ಗೆ ನಮಗೆ ಹೆಚ್ಚು ಆತಂಕವಿದೆ. ಮೊದಲ ಮೂವರ ವಿರುದ್ಧ ದೂರಾದರೂ ಕೊಡಬಹುದು. ಮೌನವಾಗಿರುವವರ ವಿರುದ್ಧ ಏನೆಂದು ದೂರು ಬರೆಯುವುದು?

ಹಾಗಾದರೆ ಒಳ್ಳೆಯ ಮಾರ್ಗದರ್ಶನ ಹೇಗಿರುತ್ತದೆ? ಆಧುನಿಕ ವೈದ್ಯಕೀಯ ಶಿಕ್ಷಣದ ಚರಿತ್ರೆಯಲ್ಲೇ ಇದಕ್ಕೊಂದು ನಿದರ್ಶನವಿದೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ 1896ರಲ್ಲಿ ಹಾರ್ವೆ ಕುಶಿಂಗ್ ಎಂಬ ಯುವ ಶಸ್ತ್ರವೈದ್ಯರು ಬಂದು ಸೇರಿದರು. ಮೆದುಳಿನ ಶಸ್ತ್ರಚಿಕಿತ್ಸೆಯನ್ನು ಸ್ವತಂತ್ರ ಶಾಖೆಯಾಗಿ ಬೆಳೆಸಿದ ಕೀರ್ತಿ ಮುಂದೆ ಇವರಿಗೇ ಸಂದಿತು. ಅವರ ಮೇಲಧಿಕಾರಿ ವಿಲಿಯಂ ಹಾಲ್‌ಸ್ಟೆಡ್. ರೆಸಿಡೆನ್ಸಿ ಪದ್ಧತಿಗೆ ಅಡಿಪಾಯ ಹಾಕಿದ ಮಹಾ ಶಸ್ತ್ರವೈದ್ಯ. ಆದರೆ ಯಾರೊಂದಿಗೂ ಹೆಚ್ಚು ಬೆರೆಯದ, ಆಗಾಗ ದೀರ್ಘಕಾಲ ಆಸ್ಪತ್ರೆಯಲ್ಲಿ ಕಾಣಿಸಿಕೊಳ್ಳದ ವ್ಯಕ್ತಿ. ಕುಶಿಂಗ್‌ಗೆ ಆಸರೆಯಾದವರು ಅವರಲ್ಲ. ಬೇರೆಯೇ ವಿಭಾಗದ ಮುಖ್ಯಸ್ಥರಾಗಿದ್ದ ವಿಲಿಯಂ ಆಸ್ಲರ್. ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದ ಶಿಕ್ಷಕರೆಂದು ಇಂದಿಗೂ ನೆನಪಿಸಲಾಗುವವರು. ಆಸ್ಲರ್‌ರ ಮನೆಯ ಪಕ್ಕದ ಮನೆಯಲ್ಲಿ ಕುಶಿಂಗ್ ಮತ್ತು ಇನ್ನಿಬ್ಬರು ಯುವ ವೈದ್ಯರು ವಾಸವಾಗಿದ್ದರು. ಆಸ್ಲರ್ ಅವರಿಗೆ ತನ್ನ ಮನೆಯ ಬೀಗದ ಕೈಯನ್ನೇ ಕೊಟ್ಟಿದ್ದರು. ಯಾವಾಗ ಬೇಕಾದರೂ ಬರಬಹುದು, ಗ್ರಂಥಾಲಯದಲ್ಲಿ ಕೂತು ಓದಬಹುದು. ಆಸ್ಲರ್ ತೀರಿಕೊಂಡ ಬಳಿಕ ಅವರ ಜೀವನ ಚರಿತ್ರೆಯನ್ನು ಕುಶಿಂಗ್ ಬರೆದರು. 1926ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

ಎಲ್ಲ ಪ್ರಾಧ್ಯಾಪಕರೂ ತಮ್ಮ ಮನೆಯ ಬೀಗದ ಕೈಯನ್ನು ಕಿರಿಯರಿಗೆ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಗಮನಿಸಬೇಕಾದದ್ದು ಇದು: ಕುಶಿಂಗ್‌ರ ರಜೆ, ಥಿಯೇಟರ್, ಬಡ್ತಿ ಯಾವುದೂ ಆಸ್ಲರ್‌ರ ಕೈಯಲ್ಲಿರಲಿಲ್ಲ. ಆದ್ದರಿಂದ ಆ ಬಾಗಿಲನ್ನು ಅಂಜಿಕೆಯಿಲ್ಲದೆ ತೆರೆಯುವುದು ಸಾಧ್ಯವಾಯಿತು.

ಒಂದು ಶತಮಾನದ ನಂತರದ ಅಧ್ಯಯನಗಳೂ ಹೆಚ್ಚುಕಡಿಮೆ ಇಲ್ಲಿಗೇ ಬಂದು ಮುಟ್ಟಿವೆ. 2006ರಲ್ಲಿ ‘ಜಾಮಾ’ದಲ್ಲೇ ಪ್ರಕಟವಾದ ಒಂದು ಸಮೀಕ್ಷಾ ಪ್ರಬಂಧವು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿತು. ವೈದ್ಯ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಗೆ, ಕೆಲವು ಶಾಖೆಗಳಲ್ಲಿ ಅಧ್ಯಾಪಕರ ಪೈಕಿ ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಮಾತ್ರ ಮಾರ್ಗದರ್ಶಕರಿದ್ದರು ಎಂದು ಅದು ತಿಳಿಸಿತು. ಮಾರ್ಗದರ್ಶಕರನ್ನು ಹುಡುಕಿಕೊಳ್ಳುವುದು ಪುರುಷರಿಗಿಂತ ತಮಗೆ ಹೆಚ್ಚು ಕಷ್ಟವೆಂದು ಮಹಿಳೆಯರು ಹೇಳಿದ್ದರು. ಅಷ್ಟೆಲ್ಲ ಸೌಕರ್ಯವಿರುವ ದೇಶಗಳಲ್ಲೇ ಪರಿಸ್ಥಿತಿ ಹೀಗಿತ್ತು. 2013ರಲ್ಲಿ ಕೆನಡಾದ ಟೊರಾಂಟೊ ಮತ್ತು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದ ವೈದ್ಯಕೀಯ ವಿಶ್ವವಿದ್ಯಾಲಯಗಳ ಅಧ್ಯಾಪಕರನ್ನು ಸಂದರ್ಶಿಸಿ ನಡೆಸಿದ ಅಧ್ಯಯನವೊಂದು, ಇಂಥ ಸಂಬಂಧಗಳು ಏಕೆ ಗೆಲ್ಲುತ್ತವೆ, ಏಕೆ ಸೋಲುತ್ತವೆ ಎಂದು ಕೇಳಿತು. ಗೆದ್ದ ಕಡೆ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇತ್ತು. ಪರಸ್ಪರ ಗೌರವ, ಏನನ್ನು ನಿರೀಕ್ಷಿಸಬೇಕು ಎಂಬ ಸ್ಪಷ್ಟತೆ, ಆಪ್ತತೆ, ಸಮಾನ ಮೌಲ್ಯಗಳಿದ್ದವು. ಸೋತ ಕಡೆ ಮಾತುಕತೆ ನಿಂತಿತ್ತು, ಬದ್ಧತೆ ಇರಲಿಲ್ಲ, ಹಿರಿಯ ಕಿರಿಯರು ಒಂದೇ ತುತ್ತಿಗೆ ಸ್ಪರ್ಧಿಗಳಾಗಿದ್ದರು. ಇದನ್ನು ಹೇಳಲು ಸಂಶೋಧನೆ ಬೇಕಿತ್ತೇ ಎಂದು ಯಾರಾದರೂ ಕೇಳಬಹುದು. ಗೊತ್ತಿದ್ದೂ ಮಾಡದ ವಿಷಯವನ್ನು ಕಾಗದದ ಮೇಲೆ ತೋರಿಸಿಕೊಟ್ಟರೆ ಆಡಳಿತಕ್ಕೆ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ, ಅಷ್ಟೇ.

ಇದೇ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2006ರಲ್ಲಿ ಅಧ್ಯಾಪಕರ ಮಾರ್ಗದರ್ಶನಕ್ಕೆಂದೇ ಒಂದು ವ್ಯವಸ್ಥೆಯನ್ನು ಆರಂಭಿಸಲಾಯಿತು. ಸಂಶೋಧನೆಯಲ್ಲಿ ದಾರಿ ತೋರಿಸುವವರು ಬೇರೆ, ವೃತ್ತಿ ಬದುಕಿನಲ್ಲಿ ಸಲಹೆ ಕೊಡುವವರು ಬೇರೆ ಎಂಬ ವಿಂಗಡಣೆ ಅಲ್ಲಿದೆ. ಮಾರ್ಗದರ್ಶಕರನ್ನು ಹೊಂದಿಸುವುದನ್ನು ನೋಡಿಕೊಳ್ಳಲು ವಿಭಾಗಗಳಲ್ಲಿ ಹೊಣೆಗಾರರಿದ್ದಾರೆ. ಹಿರಿಯರ ಔದಾರ್ಯಕ್ಕೆ ಬಿಟ್ಟುಬಿಡದೆ ಅದನ್ನು ಸಂಸ್ಥೆಯ ಕೆಲಸವೆಂದು ಒಪ್ಪಿಕೊಂಡದ್ದೇ ಅಲ್ಲಿಯ ವಿಶೇಷ.

ನಮ್ಮಲ್ಲಿ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಫಿಲಡೆಲ್ಫಿಯಾ ಮೂಲದ ಫೈಮರ್ ಸಂಸ್ಥೆಯ ಸಹಯೋಗದಲ್ಲಿ 2005ರಿಂದೀಚೆಗೆ ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು, ಲುಧಿಯಾನದ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ಕೊಯಮತ್ತೂರಿನ ಪಿಎಸ್‌ಜಿ ಸಂಸ್ಥೆಯಲ್ಲಿ ವೈದ್ಯ ಅಧ್ಯಾಪಕರಿಗಾಗಿ ಎರಡು ವರ್ಷಗಳ ಫೆಲೋಶಿಪ್‌ಗಳು ಆರಂಭವಾದವು. ಬೇರೆ ಬೇರೆ ಕಾಲೇಜುಗಳ ಅಧ್ಯಾಪಕರು ಕೆಲವು ದಿನ ಒಂದೆಡೆ ಸೇರಿ ಕಲಿಯುವುದು, ಆಮೇಲೆ ತಮ್ಮ ತಮ್ಮ ಕಾಲೇಜಿನಲ್ಲಿ ಒಂದು ಯೋಜನೆ ಕೈಗೊಳ್ಳುವುದು, ವರ್ಷವಿಡೀ ಇ-ಮೇಲ್ ಮೂಲಕ ಹಿರಿಯರ ಸಲಹೆ ಪಡೆಯುವುದು ಅದರ ಕ್ರಮ. ಸಲಹೆ ಕೊಡುವ ಹಿರಿಯರು ಇನ್ನೊಂದು ಕಾಲೇಜಿನವರು. ಅವರಿಗೆ ಈ ಕಿರಿಯರ ರಜೆಯ ಮೇಲಾಗಲಿ ಬಡ್ತಿಯ ಮೇಲಾಗಲಿ ಹಿಡಿತವಿಲ್ಲ. ಇಂದು ಕಲಿತವರೇ ನಾಳೆ ಇನ್ನೊಬ್ಬರಿಗೆ ಮಾರ್ಗದರ್ಶಕರಾಗಿ ಬರುತ್ತಾರೆ. ಇದು ಪಾಶ್ಚಾತ್ಯರ ವ್ಯವಸ್ಥೆ, ನಮಗೆ ಒಗ್ಗದು ಎನ್ನುವವರು ಇಲ್ಲಿ ಒಗ್ಗಿದ್ದನ್ನು ನೋಡಬಹುದು. ಆದರೆ ಇವುಗಳಿಂದ ಪ್ರಯೋಜನ ಪಡೆದವರು ಬೆರಳೆಣಿಕೆಯ ಉತ್ಸಾಹಿಗಳು. ಮಿಕ್ಕವರಿಗೆ ಸಿಕ್ಕಿದ್ದು ಮೂರು ದಿನಗಳ ಕಾರ್ಯಾಗಾರ, ಒಂದು ಪ್ರಮಾಣಪತ್ರ ಮತ್ತು ಒಂದು ಗ್ರೂಪ್ ಫೋಟೊ.

ಇನ್ನೂ ವಿಚಿತ್ರವಾದ ಒಂದು ಸಂಗತಿಯಿದೆ. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಂದಿನಿಂದ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರನ್ನು ನೇಮಿಸುವ ಪರಿಪಾಠ ಕಾಲೇಜುಗಳಲ್ಲಿ ಹಬ್ಬಿದೆ. ಒಳ್ಳೆಯದೇ. ಆದರೆ ಆ ಪಟ್ಟಿಯನ್ನು ಯಾರ ಕೈಗೆ ಕೊಡಲಾಗುತ್ತದೆ? ಬಹುತೇಕ ಕಡೆ ಈಗಷ್ಟೇ ಸೇರಿದ ಸಹಾಯಕ ಪ್ರಾಧ್ಯಾಪಕರ ಕೈಗೆ. ತನ್ನನ್ನು ಯಾರೂ ವಿಚಾರಿಸದ ಒಬ್ಬಾಕೆ ಹತ್ತು ಮಂದಿಯನ್ನು ವಿಚಾರಿಸಬೇಕು. ತಿಂಗಳಿಗೊಮ್ಮೆ ರಿಜಿಸ್ಟರಿನಲ್ಲಿ ಎರಡೂ ಕಡೆಯ ಸಹಿ ಬೀಳುತ್ತದೆ. ತಪಾಸಣೆಗೆ ಬಂದವರು ಆ ರಿಜಿಸ್ಟರನ್ನು ತಿರುವಿ ಹಾಕಿ ತೃಪ್ತರಾಗುತ್ತಾರೆ.

ಆಯೋಗವೇ ನೇಮಿಸಿದ ಮಾನಸಿಕ ಆರೋಗ್ಯ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಆನ್‌ಲೈನ್ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು 7,035 ಅಧ್ಯಾಪಕರು ಉತ್ತರಿಸಿದ್ದರು. ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ ಶೇಕಡಾ 31ರಷ್ಟು ಮಂದಿ ತಮಗೆ ಆತ್ಮಹತ್ಯೆಯ ಆಲೋಚನೆ ಬಂದದ್ದಿದೆ ಎಂದರು. ಈ ವಿದ್ಯಾರ್ಥಿಗಳೇ ಒಂದೆರಡು ವರ್ಷಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗುವವರು ಎಂಬುದನ್ನು ನಾವು ಮರೆಯುತ್ತೇವೆ. ಅವಮಾನದ ಮೂಲಕ ಕಲಿತವರು ಅವಮಾನದ ಮೂಲಕವೇ ಕಲಿಸುತ್ತಾರೆ. “ನಾವೂ ಹೀಗೇ ಕಲಿತವರು” ಎಂಬುದು ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಸಮರ್ಥನೆ.

ಇದರ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುತ್ತದೆಯೇ? ಖಂಡಿತ ಇಲ್ಲ. ವೈದ್ಯರ ಮನೆಯಲ್ಲಿ ಹುಟ್ಟಿದವರಿಗೆ ಮಾರ್ಗದರ್ಶಕರು ಊಟದ ಮೇಜಿನಲ್ಲೇ ಸಿಗುತ್ತಾರೆ. ಯಾವ ಪತ್ರಿಕೆಗೆ ಪ್ರಬಂಧ ಕಳಿಸಬೇಕು, ಯಾವ ಪ್ರಾಧ್ಯಾಪಕರ ಬಳಿ ಹೇಗೆ ಮಾತಾಡಬೇಕು, ಯಾವ ವಿವಾದದಿಂದ ದೂರವಿರಬೇಕು, ಎಲ್ಲವನ್ನೂ ತಂದೆಯೋ ಮಾವನೋ ಹೇಳಿಕೊಡುತ್ತಾರೆ. ಅದನ್ನು ಯಾರೂ ಮೀಸಲಾತಿಯೆಂದು ಕರೆಯುವುದಿಲ್ಲ. ಬೀಡಿ ಕಟ್ಟುವ ತಾಯಿಯ ಮಗಳು, ಕೂಲಿಕಾರನ ಮಗ, ತಾಂಡಾದಿಂದ ಬಂದವಳು, ಮನೆತನದಲ್ಲೇ ಮೊದಲ ಪದವೀಧರನಾದವನು ಇವರಿಗೆ ಆ ಮೇಜು ಇಲ್ಲ. ಅವರಿಗೆ ಸಿಗುವ ಏಕೈಕ ಅವಕಾಶ ಸಂಸ್ಥೆ ಒದಗಿಸುವ ಮಾರ್ಗದರ್ಶನ. ಅದೂ ಇಲ್ಲವೆಂದಾದರೆ ಸೀಟು ಕೊಟ್ಟು ಪ್ರಯೋಜನವೇನು? ಸಾಮಾಜಿಕ ನ್ಯಾಯ ಪ್ರವೇಶದ ಬಾಗಿಲಲ್ಲಿ ನಿಂತುಬಿಟ್ಟರೆ ಒಳಗಿನ ಕಾರಿಡಾರು ಹಳೆಯವರ ಪಾಲಾಗಿಯೇ ಉಳಿಯುತ್ತದೆ.

ಮುಂಬಯಿಯಲ್ಲಿ ಸ್ತ್ರೀರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ಡಾ. ಪಾಯಲ್ ತಡ್ವಿ 2019ರ ಮೇ 22ರಂದು ಆತ್ಮಹತ್ಯೆ ಮಾಡಿಕೊಂಡರು. ಆದಿವಾಸಿ ಭಿಲ್ ಸಮುದಾಯದ ತಡ್ವಿ ಮುಸ್ಲಿಮ್ ಪಂಗಡದ ಹೆಣ್ಣುಮಗಳು. ಮೂವರು ಹಿರಿಯ ವೈದ್ಯೆಯರ ಮೇಲೆ ಜಾತಿ ನಿಂದನೆ ಮತ್ತು ಕಿರುಕುಳದ ಆರೋಪ ಹೊರಿಸಲಾಯಿತು. ಅವರು ಅದನ್ನು ನಿರಾಕರಿಸಿದ್ದಾರೆ; ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ. ಆದರೆ ಕಿರುಕುಳದ ಬಗ್ಗೆ ತಾವು ಮುಂಚೆಯೇ ದೂರಿಕೊಂಡಿದ್ದೆವೆಂದು ಆ ಕುಟುಂಬ ಹೇಳಿದ್ದನ್ನು ನಾವು ಗಂಭೀರವಾಗಿ ಪರಿಗಣಿಸಬೇಕಿದೆ. ವಿಭಾಗದ ಹೊರಗೆ, ಆದರೆ ಕಾಲೇಜಿನ ಒಳಗೆ, ಆಕೆ ಹೋಗಿ ಕೂರಬಹುದಾಗಿದ್ದ ಒಂದು ಕೋಣೆ ಇತ್ತೇ? ಇಂಥ ಕೋಣೆಯನ್ನು ತೆರೆದಿಡಬೇಕಾದವರು ಅಧ್ಯಾಪಕರು. ತಮಗೇ ಅಂಥ ಕೋಣೆ ಸಿಗದೆ ಬೆಳೆದ ಅಧ್ಯಾಪಕರಿಂದ ಅದನ್ನು ಅಪೇಕ್ಷಿಸುವುದಾದರೂ ಹೇಗೆ? ಧರ್ಮ, ಸಮುದಾಯದ ಹೆಸರಿನಲ್ಲಿ ಕಾಲೇಜು ನಡೆಸುವವರೂ, ನಾವು ನಮ್ಮವರೂ ಸೇರಿದಂತೆ ಹೇಳುತ್ತಿದ್ದೇವೆ, ತಮ್ಮ ಕಾಲೇಜಿನಲ್ಲಿ ಇಂಥ ಕೋಣೆ ಇದೆಯೇ ಎಂದು ಕೇಳಿಕೊಳ್ಳಬೇಕು.

ಮಹಿಳೆಯರ ವಿಷಯದಲ್ಲಿ ಒಂದು ನಾಜೂಕಾದ ತೊಡಕು ಇದೆ. ಹಿರಿಯ ಪುರುಷ ಪ್ರಾಧ್ಯಾಪಕರು ಕಿರಿಯ ಮಹಿಳಾ ಅಧ್ಯಾಪಕಿಗೆ ಸಮಯ ಕೊಟ್ಟರೆ ಸಣ್ಣ ಊರುಗಳಲ್ಲಿ ಮಾತು ಹುಟ್ಟುತ್ತದೆ. ಆ ಮಾತಿಗೆ ಹೆದರಿ ಸಜ್ಜನರು ದೂರ ಸರಿಯುತ್ತಾರೆ, ಸಜ್ಜನರಲ್ಲದವರು ಉಳಿಯುತ್ತಾರೆ. ಹಾಗೆಂದು ಎಲ್ಲ ಕಿರಿಯರ ಹೊಣೆಯನ್ನು ವಿಭಾಗದಲ್ಲಿರುವ ಒಬ್ಬಳೇ ಹಿರಿಯ ಮಹಿಳೆಯ ಮೇಲೆ ಹೊರಿಸಿದರೆ ಆಕೆಯ ಸ್ವಂತ ಕೆಲಸ ಹಾಳಾಗುತ್ತದೆ. ಇಬ್ಬರು ಹಿರಿಯರು, ಮೂರು ನಾಲ್ಕು ಕಿರಿಯರು ಸೇರಿ ಹದಿನೈದು ದಿನಗಳಿಗೊಮ್ಮೆ ಕಾಲೇಜಿನ ಅವಧಿಯಲ್ಲೇ, ಬಾಗಿಲು ತೆರೆದ ಕೋಣೆಯಲ್ಲಿ ಕೂರುವ ಗುಂಪು ಪದ್ಧತಿ ನಮ್ಮ ಊರುಗಳಿಗೆ ಹೆಚ್ಚು ಒಪ್ಪುವಂಥದ್ದು.

“ಹಿರಿಯರಿಗೆ ಸಮಯವೆಲ್ಲಿದೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಜ, ಸಮಯವಿಲ್ಲ. ಸಂಜೆಯಾದರೆ ಹಲವರಿಗೆ ಖಾಸಗಿ ಕ್ಲಿನಿಕ್ ಇದೆ. ಕೆಲವು ಖಾಸಗಿ ಕಾಲೇಜುಗಳಲ್ಲಂತೂ ತಪಾಸಣೆಯ ದಿನ ಮಾತ್ರ ಪ್ರತ್ಯಕ್ಷರಾಗುವ ಅಧ್ಯಾಪಕರಿದ್ದರೆಂಬುದು ಗುಟ್ಟೇನಲ್ಲ. 2025ರ ಜುಲೈಯಲ್ಲಿ, ಕಾಲೇಜು ತಪಾಸಣೆಯಲ್ಲಿ ಲಂಚ ಮತ್ತು ನಕಲಿ ಅಧ್ಯಾಪಕರ ಆರೋಪದ ಮೇಲೆ ಮೂವತ್ತಕ್ಕೂ ಹೆಚ್ಚು ಮಂದಿಯ ವಿರುದ್ಧ ಸಿಬಿಐ ಮೊಕದ್ದಮೆ ಹೂಡಿದ್ದು ಸುದ್ದಿಯಾಯಿತು. ಅದಕ್ಕೂ ಮುನ್ನ, 2025ರ ಮೇ 1ರಿಂದ, ಅಧ್ಯಾಪಕರ ಹಾಜರಿಗೆ ಆಧಾರ್ ಆಧಾರಿತ ಮುಖ ಗುರುತಿಸುವ ಪದ್ಧತಿ ಬಂದಿತ್ತು. ಮುಖ ಕಾಲೇಜಿಗೆ ಬಂದಿದೆ ಎಂಬುದನ್ನು ಯಂತ್ರ ಹೇಳೀತು. ಆ ಮುಖ ಕಿರಿಯರ ಕಡೆಗೆ ತಿರುಗಿದೆಯೇ ಎಂಬುದನ್ನು ಯಂತ್ರ ಹೇಳಲಾರದು.

ಆದ್ದರಿಂದ ಮಾರ್ಗದರ್ಶನಕ್ಕೆ ಕೊಟ್ಟ ಗಂಟೆಗಳನ್ನು ಬೋಧನೆಯ ಗಂಟೆಗಳಂತೆಯೇ ಕೆಲಸದ ಲೆಕ್ಕಕ್ಕೆ ಹಿಡಿಯಬೇಕು. ಪ್ರಬಂಧಕ್ಕೆ ಬಡ್ತಿಯಲ್ಲಿ ಬೆಲೆಯಿದೆ, ಮೂವರು ಕಿರಿಯರನ್ನು ಒಳ್ಳೆಯ ಅಧ್ಯಾಪಕರನ್ನಾಗಿ ಬೆಳೆಸಿದ್ದಕ್ಕೆ ಇಲ್ಲವೆಂದಾದರೆ ಬುದ್ಧಿವಂತರು ಯಾವುದನ್ನು ಆರಿಸಿಯಾರು? ಮಾರ್ಗದರ್ಶಕರನ್ನು ಕಿರಿಯರೇ ಆಯ್ದುಕೊಳ್ಳಲಿ, ಆ ಹೆಸರು ಸ್ವಂತ ವಿಭಾಗದ ಮುಖ್ಯಸ್ಥರದ್ದಾಗದಿರಲಿ. ಮೊದಲ ಭೇಟಿಯಲ್ಲೇ ತಿಂಗಳಿಗೆ ಎಷ್ಟು ಬಾರಿ ಭೇಟಿ, ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ, ಆಡಿದ ಮಾತು ಹೊರಗೆ ಹೋಗಬಾರದು ಎಂಬ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಹೊಂದಾಣಿಕೆ ಆಗಲಿಲ್ಲವೆಂದರೆ ಯಾರನ್ನೂ ದೂರದೆ ಬೇರೆಯಾಗುವ ದಾರಿಯೂ ತೆರೆದಿರಲಿ. ಈ ಕೊನೆಯದನ್ನು ನಮ್ಮವರು ಮರೆಯುವುದೇ ಹೆಚ್ಚು. ಹಿರಿಯರನ್ನು ಬಿಟ್ಟು ಬರುವುದನ್ನು ಗುರುದ್ರೋಹವೆಂದು ಭಾವಿಸುವ ಸಮಾಜ ನಮ್ಮದು.

ಕಿರಿಯರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಮಾರ್ಗದರ್ಶಕರೆಂದರೆ ಶಿಫಾರಸು ಪತ್ರ ಬರೆದುಕೊಡುವವರು ಎಂದು ತಿಳಿದವರಿದ್ದಾರೆ. ಕರಡನ್ನು ಓದದೆ ಕಳಿಸುವವರು, ಹೇಳಿದ ದಿನಕ್ಕೆ ಬಾರದವರು, ಟೀಕೆಯನ್ನು ಅವಮಾನವೆಂದು ಬಗೆದು ಮುನಿಸಿಕೊಳ್ಳುವವರು ಇದ್ದಾರೆ. ಏನು ಬೇಕೆಂದು ತಾನೇ ಯೋಚಿಸಿ, ಬರೆದುಕೊಂಡು ಹೋಗುವ ಕಿರಿಯನಿಗೆ ಇಪ್ಪತ್ತು ನಿಮಿಷ ಕೊಡಲು ಎಷ್ಟೇ ಕೆಲಸವಿರುವ ಪ್ರಾಧ್ಯಾಪಕರೂ ಹಿಂಜರಿಯಲಾರರು.

ನಮ್ಮ ರಾಜ್ಯದ ಮಟ್ಟಿಗೆ ಇದು ದುಡ್ಡಿನ ಪ್ರಶ್ನೆಯೇ ಅಲ್ಲ. ಈಚಿನ ವರ್ಷಗಳಲ್ಲಿ ಹಾವೇರಿ, ಯಾದಗಿರಿ, ಚಿಕ್ಕಮಗಳೂರುಗಳಲ್ಲೂ ಸರಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಅಲ್ಲಿ ಕಟ್ಟಡ ಹೊಸತು, ವಿಭಾಗ ಹೊಸತು, ಅಧ್ಯಾಪಕರಲ್ಲಿ ಹಲವರು ಹೊಸಬರು. ಅದೇ ವೇಳೆ ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳ ಹಳೆಯ ಕಾಲೇಜುಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಪ್ರಾಧ್ಯಾಪಕರು ಮನೆಯಲ್ಲಿದ್ದಾರೆ. ಅವರಿಗೆ ಯಾರ ಬಡ್ತಿಯ ಮೇಲೂ ಅಧಿಕಾರವಿಲ್ಲ, ಯಾರ ಪ್ರಬಂಧದಲ್ಲೂ ಹೆಸರು ಬೇಕಾಗಿಲ್ಲ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಅಧೀನ ಕಾಲೇಜುಗಳಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬ ಅಧ್ಯಾಪಕರಿಗೂ ಅದೇ ವಿಷಯದ, ಬೇರೆ ಊರಿನ ಇಂಥ ಹಿರಿಯರೊಬ್ಬರ ಹೆಸರನ್ನು ಮತ್ತು ಫೋನ್ ಸಂಖ್ಯೆಯನ್ನು ನೇಮಕಾತಿಯ ವಾರದ ಒಳಗೆ ತಲುಪಿಸಬಹುದು. ಪಟ್ಟಿ ತಯಾರಿಸಲು ಬೇಕಾದ ದಾಖಲೆಗಳು ಅದರ ಪರೀಕ್ಷಾ ವಿಭಾಗದಲ್ಲೇ ಇವೆ. ಈ ಹಿರಿಯರೆಲ್ಲ ವರ್ಷಗಟ್ಟಲೆ ಅದರ ಪರೀಕ್ಷಕರಾಗಿದ್ದವರು.